ಪರ-ವಿರೋಧ: ಇಮ್ಯೂನ್ ಸಿಸ್ಟಮ್ (ರೋಗನಿರೋಧಕ ವ್ಯವಸ್ಥೆ) ಅಂದ್ರೆ ಸೈನ್ಯ ಅಂತ ಹೇಳ್ಕೊಡೋದು ಸರೀನಾ?

ಪರ

ಪರ ಬರಿ ಅಂದ್ರು, ಬರೀತಿದೀನಿ, ಪೂರ್ತಿ ಒಪ್ತೀಯಾ ಅಂತ ಮಾತ್ರ ಕೇಳ್ಬೇಡಿ. ಮೊದಲ ಸಲ ಓದೋರ ಮುಂದೆ ಆಂಟಿಜೆನ್, ಆಂಟಿಬಾಡಿ, ಮ್ಯಾಕ್ರೋಫೇಜ್, ಸೈಟೊಕೈನ್ ಎಲ್ಲಾ ಒಟ್ಟಿಗೆ ಸುರಿದ್ರೆ ಒಂದೂ ತಲೇಲಿ ನಿಲ್ಲಲ್ಲ, ಆಂಟಿಜೆನ್ ಯಾವ್ದು ಆಂಟಿಬಾಡಿ ಯಾವ್ದು ಅಂತಾನೇ ಅರ್ಧ ಕ್ಲಾಸ್ ಅದಲುಬದಲು ಮಾಡುತ್ತೆ. ಸೈನ್ಯ ಅನ್ನಿ, ನಿಲ್ಲುತ್ತೆ. ಚರ್ಮ ಕೋಟೆ ಗೋಡೆ, ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ ಮೊದಲು ಓಡಿ ಬರೋ ಕಾಲಾಳು, ಡೆಂಡ್ರೈಟಿಕ್ ಸೆಲ್ ಶತ್ರುವಿನ ತುಂಡು ಹೊತ್ಕೊಂಡು ಲಿಂಫ್ ನೋಡ್‌ಗೆ (ಕತ್ತು, ಕಂಕುಳಲ್ಲೆಲ್ಲಾ ಇರೋ ಸಣ್ಣ ಗ್ರಂಥಿ) ಸುದ್ದಿ ಮುಟ್ಟಿಸೋ ಗೂಢಚಾರ, ಮೆಮೊರಿ ಸೆಲ್ ಹಳೇ ಯುದ್ಧ ಮರೀದ ಸಿಪಾಯಿ, ವ್ಯಾಕ್ಸಿನ್ ಅಣಕು ಯುದ್ಧ. 1882ರಲ್ಲಿ ವಿಜ್ಞಾನಿ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಸೆಲ್‌ಗಳು ಅದನ್ನ ಮುತ್ತಿಕೊಂಡಿದ್ದನ್ನ ನೋಡಿದಾಗ ಅವರಿಗೂ ಕಂಡಿದ್ದು ರಕ್ಷಣೇನೇ. ಇಮ್ಯೂನ್ ಸಿಸ್ಟಮ್ ನಮ್ಮ ಮೈ ಮೇಲೇ ಬೀಳೋ ಆಟೋಇಮ್ಯೂನ್ ಕಾಯಿಲೆ ಏನ್ ಮಾಡ್ತೀರಿ ಅಂತಾರೆ. ಅದೊಂದು ದಂಗೆ ಅನ್ಕೊಳ್ಳಿ, ಮುಂದೆ ಓದೋವಾಗ ಸರಿ ಮಾಡ್ಕೊಂಡ್ರಾಯ್ತು. ಮೊದಲು ತಲೇಲಿ ನಿಲ್ಬೇಕಲ್ಲ.

ವಿರೋಧ

ಎದುರಿನೋರು ಏನ್ ಬರ್ದಿರ್ತಾರೆ ಅಂತ ಓದ್ದೇನೇ ಹೇಳ್ತೀನಿ, ಕೋಟೆ, ಸಿಪಾಯಿ, ಫಿರಂಗಿ, ಕೊನೆಗೆ ವಿಜಯೋತ್ಸವ. ಮೈಯೊಳಗೆ ಏನೋ ದಿನಾ ದಂಡಯಾತ್ರೆ ನಡೀತಿರೋ ಹಾಗೆ.

ನಂಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ, ಕೀಲು ಊದಿ ನೋಯೋ ಆಟೋಇಮ್ಯೂನ್ ಕಾಯಿಲೆ. ಗೊತ್ತಾದ ದಿನ ಡಾಕ್ಟರ್ ಅಂದಿದ್ದು, ನಿಮ್ಮ ಸೈನ್ಯಾನೇ ನಿಮ್ಮ ಮೇಲೆ ತಿರುಗಿಬಿದ್ದಿದೆ ಅಂತ. ಅವತ್ತು ರಾತ್ರಿ ನಿದ್ದೆ ಇಲ್ಲ, ನಾನೇನ್ ತಪ್ಪು ಮಾಡ್ದೆ ಅನ್ನೋದೇ ಯೋಚನೆ, ಆಮೇಲೆ ನಮ್ಮತ್ತೆ ಸೈನ್ಯ ಸೋತಿದೆ ಶಕ್ತಿ ತುಂಬು ಅಂತ ಇಮ್ಯೂನಿಟಿ ಬೂಸ್ಟರ್ ಪುಡಿ ತಂದ್ಕೊಟ್ರು, ನಾನು ಒಂದ್ ಕೈಲಿ ಇಮ್ಯೂನ್ ಸಿಸ್ಟಮ್ ತಗ್ಗಿಸೋ ಮಾತ್ರೆ ಇನ್ನೊಂದ್ ಕೈಲಿ ಅದನ್ನ ಏರಿಸ್ತೀವಿ ಅನ್ನೋ ಪುಡಿ ಹಿಡ್ಕೊಂಡು ಮೂರು ತಿಂಗಳು ಎರಡೂ ನುಂಗ್ದೆ. ಸೈನ್ಯ ಅಂದ್ಮೇಲೆ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ತಾನೇ ಅನ್ಸೋದು?

ನಂಗೆ ಯಾರೂ ಹೇಳ್ದೇ ಇದ್ದ ಪದ ಟಾಲರೆನ್ಸ್, ಅಂದ್ರೆ ಸಹಿಷ್ಣುತೆ, ಇಮ್ಯೂನ್ ಸಿಸ್ಟಮ್ ಮೇಲೆ ಬೀಳದೇ ಸುಮ್ನಿರೋದು. ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ತಯಾರಾಗೋ ಟಿ ಸೆಲ್ ಅನ್ನೋ ಬಿಳಿ ರಕ್ತಕಣಗಳಲ್ಲಿ ಬಹುಪಾಲು ಹೊರಗೆ ಬರೋದೇ ಇಲ್ಲ, ನಮ್ಮದೇ ಪ್ರೋಟೀನ್‌ಗೆ ಗಟ್ಟಿಯಾಗಿ ಅಂಟ್ಕೊಳ್ಳೋವು ಹೆಚ್ಚಾಗಿ ಅಲ್ಲೇ ಸಾಯ್ತವೆ, ಅಷ್ಟಾದ್ರೂ ತಪ್ಪಿಸ್ಕೊಂಡ್ ಬಂದೋವ್ನ ಹಿಡಿತದಲ್ಲಿ ಇಡೋಕೆ ರೆಗ್ಯುಲೇಟರಿ ಟಿ ಸೆಲ್ ಅಂತ ಬೇರೆ ಗುಂಪಿದೆ. ಅದನ್ನ ಜಪಾನಿನ ವಿಜ್ಞಾನಿ ಸಕಾಗುಚಿ 1995ರಲ್ಲಿ ತೋರಿಸಿದ್ರು, 2025ರಲ್ಲಿ ವಿಜ್ಞಾನಿಗಳಾದ ಬ್ರಂಕೋ, ರಾಮ್ಸ್‌ಡೆಲ್ ಜೊತೆ ಅವರಿಗೆ ನೊಬೆಲ್ ಬಂತು. ಯಾವ ಸೈನ್ಯ ಭರ್ತಿಯಾದೋರಲ್ಲಿ ಮುಕ್ಕಾಲು ಜನಕ್ಕಿಂತ ಜಾಸ್ತಿ ತಾನೇ ಕಳ್ಕೊಳ್ಳುತ್ತೆ ಹೇಳಿ. ಕರುಳಿನ ಬ್ಯಾಕ್ಟೀರಿಯಾ ಹೊರಗಿನವೇ, ಹೊಟ್ಟೆಲಿರೋ ಮಗುವಿನ ಅರ್ಧ ಜೀನ್ ಅಪ್ಪಂದು, ಆದ್ರೂ ಇಮ್ಯೂನ್ ಸಿಸ್ಟಮ್ ಸುಮ್ನಿರುತ್ತೆ, ಅದೇ ಏನೂ ಮಾಡದ ಪರಾಗದ ಪುಡಿ ಕಂಡ್ರೆ ಅಲರ್ಜಿ ಇರೋರಲ್ಲಿ ಐಜಿಇ ಅನ್ನೋ ಆಂಟಿಬಾಡಿ, ಸೀನು ತುರಿಕೆ ತರೋ ಹಿಸ್ಟಮೈನ್ ಅಂತ ರಂಪ. ಹೊರಗಿಂದು ಅಂದ್ರೆ ಶತ್ರು ಅನ್ನೋ ಲೆಕ್ಕ ಇಲ್ಲೇ ಬಿದ್ದೋಯ್ತು. 1994ರಲ್ಲೇ ವಿಜ್ಞಾನಿ ಪಾಲಿ ಮ್ಯಾಟ್ಜಿಂಗರ್, ಹೊರಗಿಂದಾ ಒಳಗಿಂದಾ ಅನ್ನೋದಕ್ಕಿಂತ ಪೆಟ್ಟಾದ ಸೆಲ್ ಕೊಡೋ ಅಪಾಯದ ಸೂಚನೆ ಮುಖ್ಯ ಅಂದಿದ್ರು.

ಹಾಗಾದ್ರೆ ಮಕ್ಕಳಿಗೆ ಹೆಂಗ್ ಹೇಳ್ಕೊಡೋದು ಅಂತ ಕೇಳ್ತಾರೆ, ಅದು ಟೀಚರ್‌ಗಳ ತಲೆನೋವು. ವಾರಕ್ಕೊಂದ್ಸಲ ಮೆಥೊಟ್ರೆಕ್ಸೇಟ್, ಅದೇ ಇಮ್ಯೂನ್ ಸಿಸ್ಟಮ್ ತಗ್ಗಿಸೋ ಮಾತ್ರೆ, ನುಂಗೋವಾಗ ನಮ್ಮತ್ತೆ ಈಗ್ಲೂ ಕೇಳ್ತಾರೆ, ಇದು ಇಮ್ಯೂನಿಟಿ ಜಾಸ್ತಿ ಆಗೋಕಾ ಅಂತ.