ರೂಟ್ ಕೆನಾಲ್‌ಗೆ ಮುಂಚೆ ಎಲ್ಲರಿಗೂ ಸಿಬಿಸಿಟಿ ಸ್ಕ್ಯಾನ್ ಬೇಕಾ?

ಪರ: ಬೇಕು, ದವಡೆ ಹಲ್ಲಿಗಂತೂ ಬೇಕೇ ಬೇಕು

ಸಿಬಿಸಿಟಿ ಎಂದರೆ ಹಲ್ಲನ್ನೂ ಸುತ್ತಲಿನ ಮೂಳೆಯನ್ನೂ ಮೂರು ಆಯಾಮದಲ್ಲಿ ತೋರಿಸುವ ಎಕ್ಸ್‌ರೇ ಸ್ಕ್ಯಾನ್. ಮೇಲಿನ ಮೊದಲ ದವಡೆ ಹಲ್ಲನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಮೂರು ಬೇರು. ಆದರೆ ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಹೆಚ್ಚಿನವರಿಗೆ ಎರಡು ನಾಳ ಇರುತ್ತವೆ. ಆ ಎರಡನೆಯದಕ್ಕೆ ವೈದ್ಯರು ಎಂಬಿ2 ಎನ್ನುತ್ತಾರೆ. ಮಾಮೂಲಿ ಎಕ್ಸ್‌ರೇಯಲ್ಲಿ ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಬೀಳುವುದರಿಂದ ಅದು ಕಾಣದೇ ಹೋಗುತ್ತದೆ. ಬಿಟ್ಟುಹೋದ ನಾಳದಲ್ಲಿ ಬ್ಯಾಕ್ಟೀರಿಯಾ ಹಾಗೇ ಉಳಿಯುತ್ತದೆ. ಕ್ಯಾಪ್ ಕೂತಿರುತ್ತದೆ, ದುಡ್ಡು ಕೊಟ್ಟಾಗಿರುತ್ತದೆ, ಆಮೇಲೆ ಯಾವತ್ತೋ ಒಂದು ದಿನ ಅದೇ ಬೇರಿನ ತುದಿಯಲ್ಲಿ ಕೀವು ಕಟ್ಟಿ ಮತ್ತೆ ಎಲ್ಲ ಬಿಚ್ಚಬೇಕು. ಇದು ಮೊದಲೇ ತಪ್ಪಿಸಬಹುದಾದ ನೋವು ಅಲ್ವಾ?

ಸೋಂಕಿನ ವಿಷಯವೂ ಹಾಗೆಯೇ. ಮೂಳೆಯ ಒಳಗಿನ ಜಾಲರಿಯಂಥ ಭಾಗ ಕರಗಿದ್ದರೂ, ಹೊರಗಿನ ಗಟ್ಟಿ ಪದರಕ್ಕೆ ತಾಗುವವರೆಗೆ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು ಎಂದು ಸಂಶೋಧಕರಾದ ಬೆಂಡರ್ ಮತ್ತು ಸೆಲ್ಟ್ಜರ್ 1961ರಲ್ಲೇ ತೋರಿಸಿದ್ದರು. ಒಂದೇ ಕಡೆ ಮೂಗು ಸೋರುತ್ತದೆ ಎಂದು ಇಎನ್‌ಟಿ ವೈದ್ಯರ ಬಳಿ ಅಲೆಯುವ ಕೆಲವರಿಗೆ ಮೂಲ ಇರುವುದು ಮೇಲಿನ ದವಡೆ ಹಲ್ಲಿನ ಬೇರಿನಲ್ಲಿ. ಸಿಬಿಸಿಟಿಯಲ್ಲಿ ಅದು ಚೆನ್ನಾಗಿ ಕಾಣುತ್ತದೆ.

ವಿಕಿರಣದ ಭಯ ಬೇಡ. ನೆಲದಿಂದ, ಗಾಳಿಯಿಂದ, ಆಕಾಶದಿಂದ ನಮಗೆ ವರ್ಷಕ್ಕೆ ಬರುವುದು ಜಾಗತಿಕ ಸರಾಸರಿಯಲ್ಲಿ 2.4 ಮಿಲಿಸೀವರ್ಟ್. ಎರಡು ಮೂರು ಹಲ್ಲಿಗಷ್ಟೇ ಮಾಡುವ ಚಿಕ್ಕ ಸ್ಕ್ಯಾನ್ ಸಾಮಾನ್ಯವಾಗಿ ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಹೆಚ್ಚುವರಿ ನಾಳ ಇರಬಹುದಾದ ಹಲ್ಲಿಗೆ ಚಿಕ್ಕ ಸ್ಕ್ಯಾನ್ ಅನ್ನೇ ಆರಿಸಿಕೊಳ್ಳಿ ಎಂದು ಅಮೆರಿಕದ ಎಂಡೋಡಾಂಟಿಸ್ಟರ (ರೂಟ್ ಕೆನಾಲ್ ತಜ್ಞರ) ಸಂಘ 2015ರಲ್ಲೇ ಹೇಳಿದೆ. ದವಡೆ ಹಲ್ಲು ಎಲ್ಲವೂ ಆ ಪಟ್ಟಿಯಲ್ಲಿವೆ.

ವಿರೋಧ: ಎಲ್ಲರಿಗೂ ಬೇಡ

ಅದೇ 2015ರ ಹೇಳಿಕೆಯ ಮೊದಲ ಮಾತು ಬೇರೆ ಇದೆ: ಪರೀಕ್ಷೆಗೆ ಮೊದಲ ಆಯ್ಕೆ ಬಾಯೊಳಗಿನ ಚಿಕ್ಕ ಎಕ್ಸ್‌ರೇ. ಸ್ಕ್ಯಾನ್ ಅನ್ನು ಸುಮ್ನೆ ರೂಢಿಯಂತೆ ಮಾಡಬಾರದು. ಕೋನ ಸ್ವಲ್ಪ ಬದಲಿಸಿ ಇನ್ನೊಂದು ಎಕ್ಸ್‌ರೇ ತೆಗೆದರೆ ಒಂದರ ಹಿಂದೆ ಒಂದಿದ್ದ ನಾಳಗಳು ಎಷ್ಟೋ ಸಲ ಬೇರೆ ಬೇರೆಯಾಗಿ ಕಾಣುತ್ತವೆ. ಮೈಕ್ರೋಸ್ಕೋಪ್ ಇದ್ದರೆ, ಅಲ್ಟ್ರಾಸಾನಿಕ್ ತುದಿಯಿಂದ ನಿಧಾನವಾಗಿ ಕೆರೆದು ಎಂಬಿ2 ಹುಡುಕಬಹುದು. ನಾಳದ ಉದ್ದ ಹೇಳಲು ಅಪೆಕ್ಸ್ ಲೊಕೇಟರ್ ಇದೆ.

ಸ್ಕ್ಯಾನ್ ನಾಳವನ್ನು ತೋರಿಸುತ್ತದೆ, ತೊಳೆಯುವುದಿಲ್ಲ. ತೊಳೆಯುವುದು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಅದೂ ಎಂಜಲು ಒಳಗೆ ಬರದಂತೆ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಹಾಕಿದ್ದರೆ. ಇವತ್ತಿಗೂ ಬರೀ ಹತ್ತಿ ಇಟ್ಟು ರೂಟ್ ಕೆನಾಲ್ ಮುಗಿಸುವ ಕ್ಲಿನಿಕ್‌ಗಳಿವೆ. ಅಂಥ ಕಡೆ ಸ್ಕ್ಯಾನ್ ಬರೆದುಕೊಟ್ಟರೆ ಏನು ಬಂತು? ಮೊದಲು ಡ್ಯಾಮ್ ಹಾಕಲಿ.

ಇನ್ನೊಂದು ಅಪಾಯದ ಬಗ್ಗೆ ಜಾಸ್ತಿ ಯಾರೂ ಮಾತಾಡುವುದಿಲ್ಲ. ಲೋಹದ ಕ್ಯಾಪ್, ಬೇರಿನೊಳಗೆ ಕೂರಿಸಿದ ಪೋಸ್ಟ್, ನಾಳ ತುಂಬಿದ ಗಟ್ಟಾ ಪರ್ಚಾ, ಇವೆಲ್ಲ ಸ್ಕ್ಯಾನ್‌ನಲ್ಲಿ ಗೆರೆ ಗೆರೆಯಾಗಿ ನೆರಳು ಬೀರುತ್ತವೆ ಮತ್ತು ಆ ಗೆರೆ ಬೇರು ಸೀಳಿದಂತೆಯೇ ಕಾಣಬಹುದು. ನಂಬಿ ಹಲ್ಲು ಕಿತ್ತರೆ ವಾಪಸ್ ಬರುವುದಿಲ್ಲ. ನಿಜವಾದ ಕೂದಲೆಳೆ ಸೀಳು ಕಾಣದೇ ಹೋಗುವುದೂ ಉಂಟು. ಚಿಕಿತ್ಸೆಯಾದ ಮೇಲೆ ಕರಗಿದ್ದ ಮೂಳೆ ತುಂಬಿಕೊಳ್ಳಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೇಕು. ಅಷ್ಟರೊಳಗೆ ಸ್ಕ್ಯಾನ್ ಮಾಡಿಸಿ ಕಪ್ಪು ನೆರಳು ನೋಡಿ ಗುಣವಾಗುತ್ತಿರುವ ಹಲ್ಲನ್ನೇ ಮತ್ತೆ ಕೊರೆಸಿಕೊಳ್ಳುವ ಭಯ ನನಗಿದೆ.

ಖರ್ಚನ್ನೂ ನೋಡಿ. ತಾಲ್ಲೂಕು ಊರಿನವರು ಸ್ಕ್ಯಾನ್‌ಗಾಗಿ ದಾವಣಗೆರೆಗೋ ಮಂಗಳೂರಿಗೋ ಬಸ್ ಹತ್ತಬೇಕು, ಒಂದು ದಿನದ ಕೂಲಿ ಹೋಗುತ್ತದೆ. ಮಾಮೂಲಿ ಆರೋಗ್ಯ ವಿಮೆ ಇಂಥದ್ದಕ್ಕೆ ಬಹುತೇಕ ದುಡ್ಡು ಕೊಡುವುದಿಲ್ಲ. ಕಡ್ಡಾಯ ಮಾಡಿದರೆ ಅವರು ಹೇಳುವುದು ಒಂದೇ: "ಕಿತ್ತುಬಿಡಿ ಡಾಕ್ಟ್ರೇ."

ಒಮ್ಮೆ ಕೆಟ್ಟುಹೋದ ರೂಟ್ ಕೆನಾಲ್ ಮತ್ತೆ ಮಾಡುವಾಗ, ಪೆಟ್ಟು ಬಿದ್ದ ಹಲ್ಲಿಗೆ, ಬೇರು ಒಳಗಿಂದಲೇ ಕರಗುತ್ತಿರುವಾಗ, ಎಕ್ಸ್‌ರೇಯೂ ನೋವೂ ಒಂದಕ್ಕೊಂದು ತಾಳೆಯಾಗದಿದ್ದಾಗ ಸ್ಕ್ಯಾನ್ ಖಂಡಿತ ಮಾಡಿಸಲಿ. ಒಂದೇ ಬೇರು, ಒಂದೇ ನೇರ ನಾಳ ಇರುವ ಮೇಲಿನ ಮುಂದಿನ ಹಲ್ಲಿಗೂ ಬರೆದುಕೊಟ್ಟರೆ ಮಾತ್ರ, ಇದರಿಂದ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಕೇಳಿ.