ತುಂಬಿಸಿದಷ್ಟೂ ಇಳಿಯುವ ಮುಳ್ಳು

ನಮ್ಮ ಮಾಮಾ ಪುಣೆಯಲ್ಲಿರುವ ಮಗನ ಫ್ಲ್ಯಾಟಿಗೆ ಹೊರಟಾಗ, ಅಲ್ಲಿ ನಿಲ್ಲಿಸಲು ಜಾಗವಿಲ್ಲ ಎಂದು ತಮ್ಮ ಕೆಂಪು ಕಾರನ್ನು ನನ್ನ ಕೊರಳಿಗೆ ಕಟ್ಟಿದರು. ಧಾರವಾಡದ ಮಾಳಮಡ್ಡಿಯಲ್ಲಿ ಅವರ ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಅದನ್ನು ನೋಡುತ್ತಲೇ ಬೆಳೆದವನು ನಾನು. 1968ರ ಟ್ರಯಂಫ್ ಸ್ಪಿಟ್‌ಫೈರ್. ಎರಡೇ ಸೀಟು, ಬಟ್ಟೆಯ ಟಾಪು, ಕೂತರೆ ರಸ್ತೆಯ ಮೇಲೇ ಕೂತ ಹಾಗೆ. ಹೆಸರು ಕೇಳಿ ಯುದ್ಧವಿಮಾನ ಅಂದುಕೊಳ್ಳಬೇಡಿ. ಅದರ ಚಾಸಿ ಹೆರಾಲ್ಡ್ ಕಾರಿನದು, ಸ್ವಲ್ಪ ಗಿಡ್ಡ ಮಾಡಿದ್ದು ಅಷ್ಟೇ. ಆ ಹೆರಾಲ್ಡ್ ಒಂದು ಕಾಲಕ್ಕೆ ಸ್ಟ್ಯಾಂಡರ್ಡ್ ಹೆಸರಿನಲ್ಲಿ ಮದ್ರಾಸಿನಲ್ಲೇ ತಯಾರಾಗುತ್ತಿತ್ತು. ಹಾಗಾಗಿ ಐವತ್ತು ವರ್ಷದಲ್ಲಿ ಏನು ಕೆಟ್ಟರೂ ಹೆರಾಲ್ಡಿನದು ಹಾಕಿ, ಅದು ಸಿಗದಿದ್ದರೆ ಜೀಪಿನದು, ಅದೂ ಸಿಗದಿದ್ದರೆ ಯಾವ ಅಂಗಡಿಯಲ್ಲಿ ಏನು ಸಿಗುತ್ತೋ ಅದು, ಒಟ್ಟಿನಲ್ಲಿ ಕಾರು ಓಡುವ ಹಾಗೆ ಇಟ್ಟಿದ್ದರು ಮಾಮಾ. ಓಡುತ್ತಿತ್ತು ಕೂಡ. ಸುಳ್ಳು ಹೇಳುತ್ತಿದ್ದದ್ದು ಡ್ಯಾಶ್‌ಬೋರ್ಡ್ ಮಾತ್ರ.

ಮೊದಲ ದಿನ ಪೆಟ್ರೋಲ್ ಪಂಪಿಗೆ ಹೋದಾಗ ಮುಳ್ಳು ನಡುಮಧ್ಯ ಇತ್ತು. ಫುಲ್ ಮಾಡಿಸಿದೆ. 11 ಲೀಟರ್ ಹಿಡಿಸಿತು. ಕೀ ತಿರುಗಿಸಿದರೆ ಮುಳ್ಳು ಮೇಲೇರುವುದು ಬಿಟ್ಟು ನಿಧಾನಕ್ಕೆ ಇಳಿದು ಖಾಲಿ ಅನ್ನುವ ಇ ಅಕ್ಷರದ ಹತ್ತಿರ ಹೋಗಿ ಕೂತಿತು.

"ಏನಪಾ, ಹಾಕಿದ್ದು ಎಲ್ಲಿ ಹೋತು?"

"ನಾ ಕುಡದಿಲ್ರಿ ಸರ. ಮಷೀನ್ ನೋಡ್ರಿ, 11 ಅಂತೈತಿ."

ಸೋರುತ್ತಿದೆಯೇನೋ ಅಂತ ಇಸ್ತ್ರಿ ಮಾಡಿದ ಅಂಗಿಯಲ್ಲೇ ಕಾರಿನ ಕೆಳಗೆ ತಲೆ ತೂರಿಸಿದೆ. ಒಂದು ಹನಿ ಇಲ್ಲ. ಹಿಂದೆ ನಾಲ್ಕು ಬೈಕು, ಒಂದು ಟಂಟಂ ಹಾರ್ನ್ ಹೊಡೆಯುತ್ತಿದ್ದವು. ಸುಮ್ನೆ ಮನೆಗೆ ಬಂದೆ.

ಮರುದಿನ ಹುಬ್ಬಳ್ಳಿಗೆ ಹೋಗಿ ಬಂದೆ. ಮುಳ್ಳು ಸ್ವಲ್ಪ ಮೇಲೆ ಬಂದಿತ್ತು. ಮೂರನೇ ದಿನ ಇನ್ನೂ ಸ್ವಲ್ಪ. ಆಗ ನನಗೆ ಜ್ಞಾನೋದಯವಾಯಿತು. ಹಳೇ ಮುಳ್ಳು, ಪಾಪ, ನಿಧಾನ. ಮೊದಲೆಲ್ಲಾ ಬ್ಯಾಂಕಿಗೆ ಚೆಕ್ ಹಾಕಿದರೆ ಎರಡು ದಿನ ಬಿಟ್ಟು ಜಮಾ ಆಗುತ್ತಿರಲಿಲ್ವಾ, ಹಾಗೆ ಇದು. ಹೆಂಡತಿಗೆ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ಭಾಳ ಛಲೋ ಆತು ಬಿಡ್ರಿ. ಓಡಿಸಿದಷ್ಟೂ ಪೆಟ್ರೋಲ್ ಹುಟ್ಟೋ ಕಾರು ನಮ್ಮ ಮನಿಗೇ ಬಂತು."

ಅವಳ ತಂಗಿಯ ಮಗಳ ಕುಬಸ ಗದಗಿನಲ್ಲಿ. ಹೊರಡುವಾಗ ಮುಳ್ಳು ಎಫ್ ದಾಟಿ, ಅದರಾಚೆಯ ಗೋಡೆಗೆ ಒರಗಿ ನಿಂತಿತ್ತು. ಇಷ್ಟು ತುಂಬಿದ ಟ್ಯಾಂಕನ್ನು ನಾನು ಜೀವನದಲ್ಲೇ ನೋಡಿರಲಿಲ್ಲ. ಟಾಪು ಮಡಿಚಿಟ್ಟು, ಎರಡೂ ಕಡೆ ಕರಿಮಣ್ಣಿನ ಹೊಲ, ಹೆಂಡತಿಯ ತೊಡೆಯ ಮೇಲೆ ಹಸಿರು ಸೀರೆಯ ಚೀಲ, ಕಾಲ ಹತ್ತಿರ ಫೇಡೆಯ ಡಬ್ಬಿ. ಅಣ್ಣಿಗೇರಿ ದಾಟಿ ಸ್ವಲ್ಪ ದೂರಕ್ಕೆ ಕಾರು ಎರಡು ಸಲ ಬಿಕ್ಕಳಿಸಿ ನಿಂತಿತು. ಮುಳ್ಳು ಮಾತ್ರ ಎಫ್‌ನಾಚೆ ಆರಾಮಾಗಿ ಒರಗಿಕೊಂಡೇ ಇತ್ತು.

ಅಲ್ಲೊಂದು ಚಹಾದಂಗಡಿ. ಅಂಗಡಿಯವನು ಹೊಲದಿಂದ ಒಂದು ಜೋಳದ ದಂಟು ಮುರಿದು ತಂದು ಟ್ಯಾಂಕಿಗೆ ಇಳಿಸಿ ಮೇಲೆತ್ತಿದ. ಮೂಸಿ ನೋಡಿದ. "ಒಣಾ ಐತ್ರಿ ಅಣ್ಣಾರ." ನಾನು ಮುಳ್ಳು ತೋರಿಸಿದೆ. ಅವನು ಒಮ್ಮೆ ಮುಳ್ಳು ನೋಡಿದ, ಒಮ್ಮೆ ದಂಟು ನೋಡಿದ, ದಂಟನ್ನೇ ನಂಬಿದ. ತನ್ನ ಬೈಕಿನಿಂದ ಪೈಪು ಹಾಕಿ ಎರಡು ಲೀಟರ್ ತೆಗೆದುಕೊಟ್ಟ. ಕುಬಸಕ್ಕೆ ನಾವು ಮುಟ್ಟುವ ಹೊತ್ತಿಗೆ ಊಟದ ಎರಡನೇ ಪಂಕ್ತಿ ಎದ್ದಿತ್ತು.

ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ ಒಬ್ಬ ವಾಯರಿಂಗ್ ಕಾಕಾ ಇದ್ದಾರೆ. ಲಾರಿ, ಟ್ರ್ಯಾಕ್ಟರ್, ಮದುವೆ ಮನೆಯ ಜನರೇಟರ್, ಎಲ್ಲಾ ಮಾಡುತ್ತಾರೆ. ಅವರು ಡಿಕ್ಕಿಯೊಳಗೆ ಅರ್ಧ ಹೊಕ್ಕು, ಒಳಗೆ ಎಷ್ಟು ಪೆಟ್ರೋಲ್ ಇದೆ ಅಂತ ಮುಳ್ಳಿನ ಮೀಟರಿಗೆ ತಿಳಿಸುವ ಟ್ಯಾಂಕಿನ ಸೆಂಡರ್ ಬಿಚ್ಚಿ ತೆಗೆದರು. ನಾನು ಏನೋ ದೊಡ್ಡ ಯಂತ್ರ ಇರುತ್ತೆ ಅಂದುಕೊಂಡಿದ್ದೆ. ಒಂದು ತಂತಿಯ ಕೈ, ಅದರ ತುದಿಗೆ ಪೆಟ್ರೋಲಿನಲ್ಲಿ ತೇಲುವ ಬುರುಡೆ, ಬುಡದಲ್ಲಿ ಒಂದು ಸುರುಳಿ. ಬುರುಡೆ ಏರಿ ಇಳಿದಂತೆ ಕೈ ಆ ಸುರುಳಿಯ ಮೇಲೆ ಉಜ್ಜುತ್ತಾ ಹೋಗುತ್ತದೆ, ಕರೆಂಟಿಗೆ ಅಡ್ಡಿ ಹೆಚ್ಚು ಕಡಿಮೆ ಆಗುತ್ತದೆ. ಅಷ್ಟೇ. ಕಾಕಾ ಮಲ್ಟಿಮೀಟರ್ ಹಚ್ಚಿ ಬುರುಡೆ ಕೆಳಗೆ ಬಿಟ್ಟರು, ಅಡ್ಡಿ 240 ಓಮ್. ಬೆರಳಿಂದ ಮೇಲೆತ್ತಿದರು, 33. ಆಮೇಲೆ ಒಂದು ಬೆಂಕಿಪೊಟ್ಟಣ ತೆರೆದು ಅದರೊಳಗಿನಿಂದ ಕರೆಂಟಿಗೆ ಅಡ್ಡಿ ಹಾಕುವ ಎರಡು ಪುಟ್ಟ ರೆಸಿಸ್ಟರ್ ತೆಗೆದು ಸೆಂಡರ್ ಬದಲಿಗೆ ವಾಯರಿಗೆ ಸಿಕ್ಕಿಸಿದರು. 10 ಓಮಿನದು ಸಿಕ್ಕಿಸಿದಾಗ ಮುಳ್ಳು ಇ ಮೇಲೆ. 180ರದು ಸಿಕ್ಕಿಸಿದಾಗ ಎಫ್ ಮೇಲೆ.

"ಎರಡೂ ಶಾಣ್ಯಾ ಅದಾವ್ರಿ ಸರ. ಭಾಷಾ ಬ್ಯಾರೆ."

ಸೆಂಡರ್ ಅಮೆರಿಕದ ರೂಢಿಯದು, ಖಾಲಿ ಅಂದರೆ 240, ತುಂಬಿದರೆ 33. ಮೀಟರ್ ಯುರೋಪಿನ ರೂಢಿಯದು, ಖಾಲಿಗೆ 10, ಫುಲ್ಲಿಗೆ 180. ಟ್ಯಾಂಕ್ ಗಂಟಲವರೆಗೆ ತುಂಬಿದಾಗ ಸೆಂಡರ್ ಮೂವತ್ಮೂರು ಅನ್ನುತ್ತಿತ್ತು. ಮೀಟರ್ ಅದನ್ನು ಕೇಳಿ, ಅಯ್ಯೋ, ತಳ ಕಂಡಿತು ಅಂತ ಇ ಹತ್ತಿರ ಕೂರುತ್ತಿತ್ತು. ಪೆಟ್ರೋಲ್ ಖರ್ಚಾದಷ್ಟೂ ಸಂಖ್ಯೆ ಏರುತ್ತದೆ, ಮುಳ್ಳಿಗೆ ಸಂಭ್ರಮ. ನನ್ನ ಚೆಕ್ ಜಮಾ ಸಿದ್ಧಾಂತ ಕಾಕಾಗೆ ಹೇಳಿದೆ. ಅವರು ನಗಲಿಲ್ಲ. ಅದೇ ಬೇಜಾರಾಯಿತು.

"ಹಾಗಾದ್ರೆ ಇ ಮತ್ತು ಎಫ್ ಅದಲುಬದಲು ಮಾಡಿ ಒಂದು ಚೀಟಿ ಅಂಟಿಸಿಬಿಟ್ಟರೆ?" ಅಂದೆ. ದುಡ್ಡು ಉಳಿಯುತ್ತದಲ್ಲ.

"ಕಾಲ ಟಾಕಿ ಇನ್ನೂ ಇರತೈತಿ, ಅಷ್ಟರಾಗ 180 ದಾಟಿ ಮುಳ್ಳು ಗ್ವಾಡಿಗೆ ಹತ್ತತೈತಿ. ಅಲ್ಲಿಂದ ಮುಂದ ಏನ್ ಜೋಳದ ದಂಟ ಹಿಡ್ಕೊಂಡು ಓಡಸ್ತೀರೇನ್ರಿ?"

ದಂಟಿನ ಕಥೆ ಅವರಿಗೆ ಹೇಳಿದ್ದು ಯಾರು? ಇನ್ಯಾರು, ನನ್ನ ಹೆಂಡತಿ. ಪೂರ್ತಿ ಹುಬ್ಬಳ್ಳಿಗೇ ಹೇಳಿದ್ದಾಳೆ.

ಇನ್ನು ಟೆಂಪರೇಚರ್ ಮುಳ್ಳು. ಅದು ಹತ್ತು ನಿಮಿಷ ಓಡಿಸಿದರೆ ಬಿಸಿ ಅನ್ನುವ ಹೆಚ್ ಅಕ್ಷರದ ಹತ್ತಿರ ಹೋಗಿ ನಡುಗುತ್ತಿತ್ತು. ಉಣಕಲ್ ಕೆರೆ ಹತ್ತಿರ, ನವಲೂರು ಹತ್ತಿರ, ಎಲ್ಲೆಲ್ಲಿ ನೆರಳಿತ್ತೋ ಅಲ್ಲೆಲ್ಲಾ ಬಾನೆಟ್ ಎತ್ತಿ ನಿಂತಿದ್ದೇನೆ. ನವಲೂರಿನ ಪೇರಲ ಹಣ್ಣಿನ ಅಜ್ಜಿ ನನಗೆ ಖಾತೆ ತೆರೆಯುವುದೊಂದು ಬಾಕಿ ಇತ್ತು. ಒಂದು ದಿನ ಕೊರೊನಾ ಕಾಲದ ಹಣೆಗೆ ಹಿಡಿಯುವ ಗನ್ನು ಒಯ್ದು ಇಂಜಿನ್ನಿಗೆ ಹಿಡಿದೆ. ಅದು ಕೆಂಪು ದೀಪ ಹಚ್ಚಿ ಬೀಪ್ ಬೀಪ್ ಅಂತ ಬಡಿದುಕೊಂಡಿತು. ಗಾಬರಿಯಿಂದ ಇಡೀ ಒಂದು ಕೊಡ ನೀರು ರೇಡಿಯೇಟರಿನ ಮೇಲೆ ಸುರಿದೆ. ಆ ಗನ್ನಿಗೆ ಮನುಷ್ಯರ ಜ್ವರದಾಚೆ ಲೆಕ್ಕ ಬರುವುದಿಲ್ಲ ಅಂತ ಹೊಳೆದದ್ದು ರಾತ್ರಿ ಮಲಗಿದ ಮೇಲೆ.

ಕಾಕಾ ಕಾರ್ಖಾನೆಯಲ್ಲಿ ಬಳಸುವ ಗನ್ನು ತಂದು ಹಿಡಿದರು. 82 ಡಿಗ್ರಿ. ಇಂಜಿನ್ ತಣ್ಣಗೆ ತನ್ನ ಪಾಡಿಗಿದೆ, ಬಿಸಿಯಾಗಿದ್ದು ನಾನೊಬ್ಬನೇ. ಆ ಕಾಲದ ಮೀಟರಿಗೆ ಸುಮಾರು 10 ವೋಲ್ಟ್ ಮಾತ್ರ ಕೊಡಬೇಕಂತೆ. ಅದಕ್ಕಾಗಿ ಡ್ಯಾಶ್‌ಬೋರ್ಡ್ ಹಿಂದೆ ಬೆಂಕಿಪೊಟ್ಟಣದಷ್ಟು ಒಂದು ತಗಡಿನ ಡಬ್ಬಿ, ಸ್ಟೆಬಿಲೈಸರ್, ಇರುತ್ತದೆ. ಒಳಗಿನ ಪಟ್ಟಿ ಬಿಸಿಯಾಗಿ ಬಾಗಿ ಕರೆಂಟ್ ಕಡಿಯುತ್ತದೆ, ತಣ್ಣಗಾಗಿ ಮತ್ತೆ ಕೂಡುತ್ತದೆ, ಸರಾಸರಿ ಹತ್ತು. ಯಾರೋ ಪುಣ್ಯಾತ್ಮ ಅದನ್ನು ಕಿತ್ತೆಸೆದು ಬ್ಯಾಟರಿಯಿಂದ ನೇರ ಜೋಡಿಸಿದ್ದ. ಕಾರು ಓಡುವಾಗ 14 ವೋಲ್ಟ್ ಬಂದರೆ ಮುಳ್ಳಾದರೂ ಏನು ಮಾಡಬೇಕು?

ಕಾಕಾ ಹೊಸ ಸ್ಟೆಬಿಲೈಸರ್ ಹಾಕಿದರು. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇಂಜಿನ್ನಿನ ಬಿಸಿ ತಿಳಿಸುವ ಸೆಂಡರ್ ಸುತ್ತ ನೀರು ಜಿನುಗಿದ ಹಾಗೆ ಕಂಡಿತು, ನನ್ನ ಕೈ ಸುಮ್ಮನಿರಬೇಕಲ್ಲ. ಬಿಚ್ಚಿ, ನಳದ ಕೆಲಸಕ್ಕೆ ತಂದಿದ್ದ ಬಿಳಿ ಟೇಪು ಹತ್ತು ಸುತ್ತು ಸುತ್ತಿ ಬಿಗಿದೆ. ಒಂದು ಹನಿ ಜಿನುಗಲಿಲ್ಲ. ಮುಳ್ಳೂ ಮೇಲೇಳಲಿಲ್ಲ. ಒಂದು ವಾರ ಇಂಜಿನ್ ಫ್ರಿಜ್ಜಿನಲ್ಲಿಟ್ಟ ಹಾಗೆ ತೋರಿಸುತ್ತಿತ್ತು. ಕಾಕಾ ನೋಡಿ ಟೇಪನ್ನು ಉಗುರಿನಿಂದ ಸುಲಿದರು. ಆ ಸೆಂಡರಿಗೆ ಬರುವುದು ಒಂದೇ ವಾಯರು, ಕರೆಂಟ್ ವಾಪಸು ಹೋಗುವುದು ಅದರ ಥ್ರೆಡ್ಡಿನ ಮೂಲಕ, ಇಂಜಿನ್ ಮೈಯಿಂದ. ನಾನು ಅದಕ್ಕೆ ಟೇಪು ಸುತ್ತಿ ಬಾಗಿಲು ಮುಚ್ಚಿದ್ದೆ. "ನೀವು ಓಡಸ್ರಿ ಸಾಕು," ಅಂದರು. ಇದರ ಅರ್ಥ ಗೊತ್ತಾಗದಷ್ಟು ದಡ್ಡನಲ್ಲ ನಾನು.

ಸ್ಪೀಡೋಮೀಟರ್ ಒಂದು ಮಾತ್ರ ಖರೆ ಹೇಳುತ್ತಿತ್ತು, ಆದರೆ ಮೈಲಿಯಲ್ಲಿ. "ನಲವತ್ತರಾಗ ಹೊಂಟೀನಿ, ಯಾಕ್ ಹೆದರ್ತಿ" ಅಂತ ಹೆಂಡತಿಗೆ ತಿಂಗಳುಗಟ್ಟಲೆ ಧೈರ್ಯ ಹೇಳಿದ್ದೇನೆ. ಅದು 64 ಕಿಲೋಮೀಟರ್. ಈ ವಿಷಯ ಅವಳಿಗೆ ಇನ್ನೂ ಹೇಳಿಲ್ಲ. ಅವಳು ಇದನ್ನು ಓದುವುದಿಲ್ಲ ಅಂತ ಧೈರ್ಯ.

ಪೆಟ್ರೋಲಿಗೆ ಕಾಕಾ ಸೆಂಡರ್ ಹಾಗೇ ಬಿಟ್ಟು ಮೀಟರನ್ನೇ ಬದಲಿಸಿದರು, ಅದೇ 240-33ರದು. ಈಗ ತುಂಬಿಸಿದರೆ ಮುಳ್ಳು ಏರುತ್ತದೆ, ಓಡಿಸಿದರೆ ಇಳಿಯುತ್ತದೆ, ಊರಿನ ಎಲ್ಲಾ ಕಾರುಗಳ ಹಾಗೆ.

ಮೊನ್ನೆ ಅದೇ ಹುಡುಗಿಯ ಕೂಸಿನ ತೊಟ್ಟಿಲ ಕಾರ್ಯ, ಗದಗಿನಲ್ಲಿ. ಬೆಳಿಗ್ಗೆ ಗಡಿಬಿಡಿ. ಕೀ ತಿರುಗಿಸಿ ಒಂದು ಕಣ್ಣು ಹಾಯಿಸಿದೆ. ಮುಳ್ಳು ಇ ಹತ್ತಿರ ಇತ್ತು. ಟ್ಯಾಂಕ್ ತುಂಬಿದೆ ಅಂತ ಖುಷಿಯಾಗಿ ಹೊರಟೆ.

ಚಹಾದಂಗಡಿಯವನು ದೂರದಿಂದಲೇ ಕೆಂಪು ಕಾರಿನ ಗುರುತು ಹಿಡಿದ. "ಮುಳ್ಳು ಇನ್ನೂ ದುರಸ್ತಿ ಆಗಿಲ್ಲೇನ್ರಿ ಅಣ್ಣಾರ?"

"ಆಗೇತಿ," ಅಂದೆ.

"ಮುಳ್ಳು ದುರಸ್ತಿ ಆಗೇದರಿ," ಅಂದಳು ಹೆಂಡತಿ, ಒಳಗಿನಿಂದಲೇ. "ಇವ್ರದು ಬಾಕಿ ಅದ."

ಅವನು ಪೈಪು ತರಲು ಒಳಗೆ ಹೋದ.