ನಿಯತಾಂಕವೇ ಬೇರೆ, ನಿಯತಾಂಕವೇ ಬೇರೆ ಅಂತೆ!

ಕೊಡಗಿನ ವಿರಾಜಪೇಟೆ ಹತ್ತಿರ ಶನಿವಾರ ಶನಿವಾರ ಹೈಸ್ಕೂಲು ಮಕ್ಕಳಿಗೆ ಪೈಥಾನ್ (ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಭಾಷೆ) ಹೇಳಿಕೊಡುತ್ತೇನೆ. ಅದಕ್ಕೆ ಅಂತ ಒಂದು ಕನ್ನಡ ಕೈಪಿಡಿ ಕೊಟ್ಟಿದ್ದಾರೆ. ವೇರಿಯಬಲ್‌ಗೆ (ಒಂದು ಮೌಲ್ಯವನ್ನು ಇಟ್ಟುಕೊಳ್ಳುವ ಹೆಸರಿಗೆ) 4ನೇ ಪುಟದಲ್ಲಿ ಚರಾಕ್ಷರ, 9ರಲ್ಲಿ ಚಲಕ, 15ರಲ್ಲಿ ವೇರಿಯಬಲ್. ಪಾಪ, ಮಕ್ಕಳು ಮೂರೂ ಬೇರೆ ಬೇರೆ ಅಂದುಕೊಂಡು ಮೂರು ಸಲ ಬರೆದುಕೊಂಡಿದ್ದಾರೆ. ಇವರಲ್ಲಿ ಎಷ್ಟೋ ಮಕ್ಕಳ ಮನೆಮಾತು ಕನ್ನಡ ಅಲ್ಲ. ಕೊಡವ ತಕ್ಕ್, ಮಲಯಾಳಂ, ಯರವ. ಕನ್ನಡವನ್ನೇ ಶಾಲೆಯಲ್ಲಿ ಕಲಿತವರು. ಅವರ ತಲೆಗೆ ಈ ಹೊರೆ ಯಾಕೆ?

ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಬಳಸುವ ಪುಟ್ಟ ಪ್ರೋಗ್ರಾಂ) ಪಾಠದಲ್ಲಂತೂ ಗೋಳೇ ಗೋಳು. 'ಬೆಲೆ' ಅಂತ ಒಂದು ಫಂಕ್ಷನ್ ಬರೆಯುತ್ತೇವೆ ಅಂದುಕೊಳ್ಳಿ. (ಪೈಥಾನ್ 3ರಲ್ಲಿ ಹೆಸರನ್ನು ಕನ್ನಡ ಅಕ್ಷರದಲ್ಲೇ ಇಡಬಹುದು, ಮಕ್ಕಳಿಗೆ ಅದೇ ಖುಷಿ.) ಬರೆಯುವಾಗ ಆವರಣದೊಳಗೆ 'ಚೀಲ' ಅಂತ ಹೆಸರು ಇಡುತ್ತೇವಲ್ಲ, ಅದು ಪ್ಯಾರಾಮೀಟರ್. ಕರೆಯುವಾಗ, ಅಂದರೆ ಆ ಫಂಕ್ಷನ್ ಬಳಸುವಾಗ, ಅದೇ ಜಾಗದಲ್ಲಿ 20 ಅಂತ ಕೊಡುತ್ತೇವಲ್ಲ, ಅದು ಆರ್ಗ್ಯುಮೆಂಟ್. ಇವೆರಡರ ವ್ಯತ್ಯಾಸ ಏನು ಅನ್ನುವುದಕ್ಕೇ ಪೈಥಾನ್‌ನವರು ತಮ್ಮ ಪ್ರಶ್ನೋತ್ತರದಲ್ಲಿ ಒಂದು ಪ್ರಶ್ನೆ ಇಟ್ಟು ಉತ್ತರ ಬರೆದಿದ್ದಾರೆ. ನಮ್ಮ ಕೈಪಿಡಿಯಲ್ಲಿ ಮಾತ್ರ ಬಾಯಿಗೆ ಬಂದದ್ದೇ ಹೆಸರು.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಕಾಫಿ ಹಣ್ಣನ್ನು ಪಲ್ಪ್ ಮಾಡಿ (ಸಿಪ್ಪೆ ಬಿಡಿಸಿ), ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಇಡೀ ಹಣ್ಣನ್ನು ಹಾಗೇ ಒಣಗಿಸಿದರೆ ಚೆರಿ. ಎರಡೂ ಒಂದೇ ಗಿಡದ್ದು ಅಂತ ರೇಟು ಬೋರ್ಡಿನಲ್ಲಿ ಎರಡಕ್ಕೂ ಒಂದೇ ಹೆಸರು ಬರೆದರೆ ಯಾವ ಬೆಳೆಗಾರ ಸುಮ್ನೆ ಇರುತ್ತಾನೆ?

ಮೂರು ರಾತ್ರಿ ಕೂತು, ಕರೆಂಟ್ ಹೋದಾಗ ಮೊಬೈಲ್ ಬೆಳಕಿನಲ್ಲಿ, ಎಲ್ಲಿ ಯಾವ ಪದ ಬರಬೇಕು ಅಂತ ಪುಟ ಸಮೇತ ಬರೆದು ಕೈಪಿಡಿ ಮಾಡಿದವರಿಗೆ ಕಳಿಸಿದೆ. "ಅರ್ಥ ಆದರೆ ಸಾಕಲ್ವಾ ಮೇಡಂ, ಪದಕ್ಕೆ ಯಾಕೆ ಅಷ್ಟು ತಲೆಕೆಡಿಸಿಕೊಳ್ತೀರಿ" ಅಂದರು. ಅರ್ಥ ಆಗುತ್ತಿಲ್ಲ ಅಂತಲೇ ಅಲ್ವಾ ನಾನು ಬರೆದದ್ದು!

ಆಮೇಲೆ ಏನು ಮಾಡಿದರು ಗೊತ್ತಾ? ಪ್ಯಾರಾಮೀಟರ್, ಆರ್ಗ್ಯುಮೆಂಟ್ ಎರಡನ್ನೂ ಒಂದೇ ಏಟಿಗೆ 'ನಿಯತಾಂಕ' ಅಂತ ಬದಲಾಯಿಸಿ ಅಚ್ಚು ಹಾಕಿಸಿದರು. ಈಗ 22ನೇ ಪುಟದಲ್ಲಿ ಹೀಗಿದೆ: "ನಿಯತಾಂಕವೇ ಬೇರೆ, ನಿಯತಾಂಕವೇ ಬೇರೆ, ಗೊಂದಲ ಮಾಡಿಕೊಳ್ಳಬೇಡಿ."

ಮೊನ್ನೆ ಒಬ್ಬಳು ಫಂಕ್ಷನ್ ಕರೆಯುವಾಗ ಆವರಣದೊಳಗೆ ಸಂಖ್ಯೆ ಕೊಡುವುದನ್ನೇ ಮರೆತಳು. ಆರ್ಗ್ಯುಮೆಂಟ್ ಒಂದು ಕಡಿಮೆ ಇದೆ ಅಂತ ಪೈಥಾನ್ ಸರಿಯಾಗಿಯೇ ಹೇಳಿತು. ಆ ಪದಕ್ಕಾಗಿ ಇಡೀ ಕೈಪಿಡಿ ತಿರುವಿ ಹಾಕಿದಳು. ಎಲ್ಲೂ ಇಲ್ಲ. "ನಂಗೆ ಇದೆಲ್ಲ ಬರಲ್ಲ ಮಿಸ್" ಅಂತ ಪುಸ್ತಕ ಮುಚ್ಚಿಟ್ಟಳು. ಅವಳಿಗೆ ಬರುತ್ತದೆ. ಬರೆದವರಿಗೆ ಬರುವುದಿಲ್ಲ.

ಇಪ್ಪತ್ತು ಪ್ರತಿ ಇವೆ. ಒಂದೊಂದನ್ನೂ ಪೆನ್ನು ಹಿಡಿದು ತಿದ್ದುತ್ತಿದ್ದೇನೆ. ಅವಳದ್ದು ಮೊದಲು ಮುಗಿಸಿದೆ.